ಕಾರು ಕಾಣೆಯಾಯ್ತು, ಫೋಟೋ ಉಳೀತು

ಮೆಟ್ರೋದಲ್ಲಿ ನಿಂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಡಿಯೋ ಹಾಕಿದ್ರೆ ಪಕ್ಕದಲ್ಲಿ ಮಲಗಿರೋರು ಎದ್ದುಬಿಡ್ತಾರೆ ಅಂತ ಇಲ್ಲಿ ಓದ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಕಾರುಗಳ ಬಗ್ಗೆ ಒಂದು ಎಪಿಸೋಡ್ ಮಾಡಿ ಅಂತ ತುಂಬಾ ಜನ ಕೇಳಿದ್ರಿ. ಸರಿ, ಮಾಡ್ತಿದ್ದೀನಿ. ಆದ್ರೆ ಇವತ್ತಿನ ಕಥೆ ಶೋರೂಮಿನಲ್ಲಿ ಮಿನುಗ್ತಾ ನಿಂತಿರೋ ಕಾರಿನದ್ದಲ್ಲ. ಶೋರೂಮಿಂದ ಹೊರಗೆ ಬಂದ್ಮೇಲೆ ಯಾರೋ ಬಿಚ್ಚಿ, ಕೊಯ್ದು, ತಗ್ಗಿಸಿ, ಇಂಜಿನ್ ದೊಡ್ಡದು ಮಾಡಿ ತಮ್ಮದಾಗಿಸಿಕೊಂಡ ಕಾರಿನದ್ದು. ಜತೆಗೆ, ಆ ಕಾರಿನ ಮುಂದೆ ರಸ್ತೆ ಮೇಲೆ ಬೋರಲು ಮಲಗಿ ಫೋಟೋ ತೆಗೆಯೋ ಮನುಷ್ಯನದ್ದು.

1971ರ ಜುಲೈ 24. ಬೆಲ್ಜಿಯಂ ದೇಶದ ಸ್ಪಾ. 24 ಗಂಟೆ ಓಡಬೇಕಾದ ರೇಸು. ಅವತ್ತಿನ ಸ್ಪಾ ಟ್ರ್ಯಾಕ್ ಈಗಿನ ಹಾಗೆ 7 ಕಿಲೋಮೀಟರಿನದ್ದಲ್ಲ, ಊರೂರು ಸುತ್ತಿ ಬರೋ 14 ಕಿಲೋಮೀಟರ್ ರಸ್ತೆ. ಫೋರ್ಡ್ ಕಾಪ್ರಿ ತರಹದ ಹಗುರ ಕಾರುಗಳ ಮಧ್ಯೆ ಒಂದು ವಿಚಿತ್ರ ಪ್ರಾಣಿ ಬಂದು ನಿಲ್ಲುತ್ತೆ. ಕೆಂಪು ಬಣ್ಣದ, ನಾಲ್ಕು ಬಾಗಿಲಿನ, ಮಂತ್ರಿಗಳು ಹಿಂದಿನ ಸೀಟಲ್ಲಿ ಕೂತು ಓಡಾಡೋ ಅಂಥ ಮರ್ಸಿಡಿಸ್ ಬೆಂಜ್ 300 ಎಸ್‌ಇಎಲ್. ಮೈ ಮೇಲೆ 35ನೇ ನಂಬರು. ತೂಕ 1,635 ಕಿಲೋ. ಅದನ್ನ ರೇಸಿಗೆ ತಂದಿದ್ದು ಬೆಂಜ್ ಕಂಪನಿ ಅಲ್ಲ. ನಾಲ್ಕು ವರ್ಷದ ಹಿಂದೆ, 1967ರಲ್ಲಿ, ಹಾನ್ಸ್ ವರ್ನರ್ ಔಫ್ರೆಕ್ಟ್ ಮತ್ತು ಎರ್ಹಾರ್ಡ್ ಮೆಲ್ಕರ್ ಅನ್ನೋ ಇಬ್ಬರು ಇಂಜಿನಿಯರುಗಳು ಶುರು ಮಾಡಿದ ಒಂದು ಸಣ್ಣ ಕಾರ್ಖಾನೆ. ಔಫ್ರೆಕ್ಟ್ ಹುಟ್ಟಿದ ಊರು ಗ್ರೋಸಾಸ್ಪಾಕ್. ಔಫ್ರೆಕ್ಟ್‌ನ ಎ, ಮೆಲ್ಕರ್‌ನ ಎಂ, ಗ್ರೋಸಾಸ್ಪಾಕ್‌ನ ಜಿ. ಹೌದು, ಇವತ್ತು ನೀವು ಇನ್‌ಸ್ಟಾಗ್ರಾಂನಲ್ಲಿ ನೋಡೋ ಎಎಂಜಿ ಅದೇನೇ.

ಇವರು 6.3 ಲೀಟರ್ ವಿ8 ಇಂಜಿನ್ನನ್ನ ಕೊರೆದು 6.8 ಲೀಟರ್ ಮಾಡಿದ್ರು. 250 ಅಶ್ವಶಕ್ತಿ ಇದ್ದದ್ದು 428 ಆಯ್ತು. ಚಕ್ರಗಳು ಅಗಲವಾಗಿದ್ದರಿಂದ ಮಡ್‌ಗಾರ್ಡ್‌ಗಳನ್ನ ಹೊರಗೆ ಉಬ್ಬಿಸಿದ್ರು. ರಾತ್ರಿ ಓಡಿಸೋಕೆ ಮುಂದೆ ಸಾಲಾಗಿ ಲೈಟು. ಹಾನ್ಸ್ ಹೇಯರ್, ಕ್ಲೆಮೆನ್ಸ್ ಶಿಕೆಂಟಾಂಜ್ ಓಡಿಸಿದ್ರು. ಅದು ಟೈರ್ ತಿನ್ನೋದೇನು, ಪೆಟ್ರೋಲ್ ಕುಡಿಯೋದೇನು! ಪದೇ ಪದೇ ಪಿಟ್ಟಿಗೆ ಬರಬೇಕಿತ್ತು. ಆದ್ರೂ ಮಾರನೇ ದಿನ ಕಾಪ್ರಿ ಒಂದನ್ನ ಬಿಟ್ರೆ ಮಿಕ್ಕೆಲ್ಲರನ್ನೂ ಹಿಂದೆ ಹಾಕಿ ಎರಡನೇ ಸ್ಥಾನ, ತನ್ನ ವರ್ಗದಲ್ಲಿ ಮೊದಲ ಸ್ಥಾನ. ಯಾರೂ ಕೇಳದ ಹೆಸರು ಒಂದೇ ವಾರಾಂತ್ಯದಲ್ಲಿ ಎಲ್ಲರ ಬಾಯಿಗೆ ಬಂತು. ಕಾರಿಗೆ 'ಕೆಂಪು ಹಂದಿ' ಅನ್ನೋ ಅಡ್ಡಹೆಸರು ಅಂಟಿಕೊಳ್ತು. ಜರ್ಮನ್ ಭಾಷೆಯಲ್ಲಿ ರೋಟೆ ಜೌ.

ಈಗ ನಿಮಗೊಂದು ಪ್ರಶ್ನೆ. ಆ ಕಾರು ಇವತ್ತು ಎಲ್ಲಿದೆ? ಸ್ಟುಟ್‌ಗಾರ್ಟ್‌ನ ಮ್ಯೂಸಿಯಂನಲ್ಲಿ ಗಾಜಿನೊಳಗೆ ಇರಬೇಕು ಅಂದ್ಕೊಂಡ್ರಾ? ಇಲ್ಲ. ನಿಯಮಗಳು ಬದಲಾಗಿ ಅದಕ್ಕೆ ರೇಸಲ್ಲಿ ಕೆಲಸ ಇಲ್ಲದ ಹಾಗಾಯ್ತು. ಫ್ರಾನ್ಸಿನ ಮಾತ್ರಾ ಅನ್ನೋ ಕಂಪನಿಗೆ ಮಾರಿದ್ರು. ಮಾತ್ರಾ ಯುದ್ಧವಿಮಾನ, ಕ್ಷಿಪಣಿ ಲೋಕದ ಕಂಪನಿ. ಅವರಿಗೆ ವಿಮಾನದ ಟೈರುಗಳನ್ನ ರನ್‌ವೇ ಮೇಲೆ ಪರೀಕ್ಷೆ ಮಾಡೋಕೆ ಸಿಕ್ಕಾಪಟ್ಟೆ ವೇಗದ ಒಂದು ಭಾರದ ಗಾಡಿ ಬೇಕಿತ್ತು. ಕಾರನ್ನ ಮಧ್ಯದಲ್ಲಿ ಕೊಯ್ದು ಒಂದು ಮೀಟರ್ ಉದ್ದ ಮಾಡಿದ್ರು. ನೆಲದಲ್ಲಿ ತೂತು ಮಾಡಿ ಅಲ್ಲಿಂದ ವಿಮಾನದ ಚಕ್ರ ಇಳಿಬಿಟ್ರು. ಒಳಗೆ ಅಳತೆಯ ಉಪಕರಣ, ಲೈಟು, ಕ್ಯಾಮೆರಾ ಕೂರಿಸಿದ್ರು. ನನಗೆ ಇದು ತುಂಬಾ ಇಷ್ಟವಾದ ವಿವರ. ಅಷ್ಟೊಂದು ಕ್ಯಾಮೆರಾಗಳ ಮುಂದೆ ಓಡಿದ ಕಾರು ಕೊನೆಗೆ ತಾನೇ ಕ್ಯಾಮೆರಾ ಹೊತ್ತು ತಿರುಗ್ತು. ಆಮೇಲೆ ಅದರ ಸುಳಿವೇ ಇಲ್ಲ. 2006ರಲ್ಲಿ ಎಎಂಜಿಯವರು ಅದೇ ತರಹದ ಇನ್ನೊಂದನ್ನ ಹೊಸದಾಗಿ ಕಟ್ಟಿದ್ರು. ಈಗ ಮೇಳಗಳಲ್ಲಿ ಎಲ್ಲರೂ ಸೆಲ್ಫಿ ತೆಗೆಸಿಕೊಳ್ಳೋದು ಆ ತದ್ರೂಪಿನ ಜತೆ. ಅಸಲಿ ಹಂದಿ ಇರೋದು ಅವತ್ತು ಸ್ಪಾದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದವರ ಫಿಲ್ಮಿನಲ್ಲಿ ಮಾತ್ರ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಕಂಪನಿಯಿಂದ ಬಂದ ಹಾಗೇ ಇರೋ ಕಾರಿಗೆ ಚರಿತ್ರೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಬ್ರೋಷರ್ ಇರುತ್ತೆ, ನಕ್ಷೆ ಇರುತ್ತೆ, ಯಾವ ತಿಂಗಳು ಎಷ್ಟು ತಯಾರಾಯ್ತು ಅನ್ನೋ ಲೆಕ್ಕ ಇರುತ್ತೆ, ಕಂಪನಿಯ ದಾಖಲೆ ಕೋಣೆ ಇರುತ್ತೆ. ಮಾಡಿಫೈ ಮಾಡಿದ ಕಾರಿಗೆ ಇದ್ಯಾವುದೂ ಇಲ್ಲ. ಅದು ಒಂದೇ ಒಂದು ಇರುತ್ತೆ. ಅದೂ ಹಾಗೇ ಇರಲ್ಲ. ಇವತ್ತು ಒಂದು ಚಕ್ರ, ಮುಂದಿನ ವರ್ಷ ಇನ್ನೊಂದು. ಮಾಲೀಕ ಮದುವೆ ಆಗ್ತಾನೆ, ಸಾಲ ಕಟ್ಟಬೇಕು, ಭಾಗ ಭಾಗ ಬಿಚ್ಚಿ ಮಾರ್ತಾನೆ. ಹಾಗಾಗಿ ಈ ಕಾರುಗಳ ಚರಿತ್ರೆಕಾರ ಅಂತ ಯಾರಾದ್ರೂ ಇದ್ರೆ ಅದು ಫೋಟೋಗ್ರಾಫರ್. ಆತ ಇತಿಹಾಸ ಬರೀತೀನಿ ಅಂತ ಹೊರಟಿರಲ್ಲ. ಚೆನ್ನಾಗಿ ಕಾಣೋ ಫೋಟೋ ಬೇಕು ಅಂತ ಹೊರಟಿರ್ತಾನೆ, ಅಷ್ಟೇ. ತೊಂದರೆ ಶುರುವಾಗೋದೂ ಅಲ್ಲೇ. ಅದಕ್ಕೆ ಆಮೇಲೆ ಬರ್ತೀನಿ.

ಓಡೋ ಕಾರಿನ ಫೋಟೋ ತೆಗೆಯೋ ಹುಚ್ಚು ಎಷ್ಟು ಹಳೇದು? ಕೆಂಪು ಹಂದಿಗಿಂತ ಅರವತ್ತು ವರ್ಷ ಹಿಂದೆ ಹೋಗೋಣ. ಫ್ರಾನ್ಸಿನಲ್ಲಿ ಜಾಕ್ ಆನ್ರಿ ಲಾರ್ಟಿಗ್ ಅಂತ ಶ್ರೀಮಂತರ ಮನೆ ಹುಡುಗ. 1894ರಲ್ಲಿ ಹುಟ್ಟಿದೋನು, ಚಿಕ್ಕಂದಿನಿಂದಲೇ ಕೈಯಲ್ಲಿ ಕ್ಯಾಮೆರಾ. ಒಂದು ರೇಸಿನಲ್ಲಿ ರಸ್ತೆ ಪಕ್ಕ ನಿಂತು, ಹಾದುಹೋಗ್ತಿದ್ದ ಕಾರಿನ ಜತೆಗೇ ಕ್ಯಾಮೆರಾ ತಿರುಗಿಸ್ತಾ ಒಂದು ಫೋಟೋ ತೆಗೆದ. ಬಂದದ್ದು ನೋಡಿ: ಕಾರಿನ ಹಿಂಚಕ್ರ ಮೊಟ್ಟೆ ಆಕಾರದಲ್ಲಿ ಮುಂದಕ್ಕೆ ವಾಲಿದೆ. ಹಿಂದೆ ನಿಂತ ಜನ, ಕಂಬ ಎಲ್ಲ ಹಿಂದಕ್ಕೆ ವಾಲಿವೆ. ಕಾರಿನ ಮುಂಭಾಗ ಚೌಕಟ್ಟಿನಿಂದ ಆಚೆ ಹೋಗಿಬಿಟ್ಟಿದೆ.

ಚಕ್ರ ಯಾಕೆ ವಾಲ್ತು? ಅವತ್ತಿನ ಕ್ಯಾಮೆರಾದ ಶಟರ್ ಒಂದೇ ಸಲ ಪೂರ್ತಿ ತೆರೀತಿರಲಿಲ್ಲ. ಪರದೆಯಲ್ಲಿ ಒಂದು ಸೀಳು, ಆ ಸೀಳು ಪ್ಲೇಟಿನ ಮೇಲೆ ಹಾದುಹೋಗೋದು. ಅದು ಹಾದುಹೋಗೋ ಅಷ್ಟರಲ್ಲಿ ಕಾರು ಒಂದಿಷ್ಟು ಮುಂದೆ ಹೋಗಿರ್ತಿತ್ತು. ಹಾಗಾಗಿ ಚಕ್ರದ ಕೆಳಭಾಗ ಒಂದು ಕ್ಷಣದ್ದು, ಮೇಲ್ಭಾಗ ಇನ್ನೊಂದು ಕ್ಷಣದ್ದು. ನಿಮ್ಮ ಮೊಬೈಲಲ್ಲೂ ಇದೇ ಆಗುತ್ತೆ. ಓಡೋ ರೈಲಿನ ಕಿಟಕಿಯಿಂದ ವಿಡಿಯೋ ಮಾಡಿ, ಹತ್ತಿರದ ಲೈಟ್ ಕಂಬಗಳು ಓರೆಯಾಗಿ ಕಾಣ್ತವೆ. ಸೆನ್ಸರ್ ಸಾಲು ಸಾಲಾಗಿ ಓದೋದ್ರಿಂದ ಹಾಗೆ. ಲಾರ್ಟಿಗ್‌ಗೆ ಈ ಫೋಟೋ ಕೆಟ್ಟುಹೋಯ್ತು ಅನ್ನಿಸಿ ಎಷ್ಟೋ ವರ್ಷ ಹೊರಗೆ ತೋರಿಸಲೇ ಇಲ್ಲ. 1963ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಅವನ ಚಿತ್ರಗಳ ಪ್ರದರ್ಶನ ಆಗೋ ಹೊತ್ತಿಗೆ ಅವನಿಗೆ 69 ವರ್ಷ. ಇವತ್ತು ಕಾರ್ಟೂನಿನಲ್ಲಿ ಸ್ಪೀಡಾಗಿ ಓಡೋ ಕಾರನ್ನ ಮುಂದಕ್ಕೆ ವಾಲಿಸಿ ಬರೀತಾರಲ್ಲ, ಆ ನೋಟಕ್ಕೆ ಈ 'ಕೆಟ್ಟ' ಫೋಟೋಗಿಂತ ಒಳ್ಳೆ ಸಾಕ್ಷಿ ಸಿಗಲ್ಲ.

ಇಲ್ಲಿ ಇನ್ನೊಂದು ಸಂಗತಿ ಇದೆ. ದಶಕಗಳ ಕಾಲ ಎಲ್ಲರೂ ಈ ಫೋಟೋ 1912ರದ್ದು, ಕಾರು ಡೆಲಾಜ್ ಅಂತಲೇ ಬರೀತಿದ್ರು. ಆಮೇಲೆ ಚರಿತ್ರೆ ಕೆದಕೋರು ನೋಡಿದ್ರು, ಕಾರಿನ ಮೇಲೆ ದೊಡ್ಡದಾಗಿ 6 ಅಂತ ಬರೆದಿದೆ. ಹಳೇ ರೇಸ್ ಪಟ್ಟಿಗಳ ಜತೆ ತಾಳೆ ಹಾಕಿದಾಗ ಗೊತ್ತಾಯ್ತು, ಅದು 1913ರ ಆಮಿಯಾಂ ಊರಿನ ರೇಸು, ಕಾರು ಷ್ನೈಡರ್ ಅನ್ನೋ ಕಂಪನಿಯದ್ದು. ಅಂದ್ರೆ ಫೋಟೋ ತೆಗೆದವನ ಹೆಸರಿನ ಜತೆ ಬಂದ ಶೀರ್ಷಿಕೆಯೇ ತಪ್ಪು, ಅದನ್ನ ಸರಿ ಮಾಡಿದ್ದು ಕಾರಿನ ಮೈ ಮೇಲಿದ್ದ ಒಂದು ಅಂಕಿ. ಆ ಅಂಕಿಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಮತ್ತೆ ಜರ್ಮನಿಗೆ. ಬವೇರಿಯಾದ ಫಾಫೆನ್‌ಹೌಸನ್ ಅನ್ನೋ ಪುಟ್ಟ ಊರಲ್ಲಿ 1939ರಲ್ಲಿ ಶುರುವಾದ ಒಂದು ಗ್ಯಾರೇಜು, ರೂಫ್. ಅಪ್ಪ ಶುರು ಮಾಡಿದ್ದನ್ನ ಮಗ ಆಲೋಯಿಸ್ ರೂಫ್ ಪೋರ್ಷೆ ಕಾರುಗಳ ಕಡೆ ತಿರುಗಿಸಿದ. 1987ರಲ್ಲಿ ಅವನು ಪೋರ್ಷೆ 911ರ ಮೈ ತಗೊಂಡು, ನೀರು ಇಳಿಯೋ ಅಂಚುಗಳನ್ನ ಕೂಡ ಕಿತ್ತು ನುಣುಪು ಮಾಡಿ, ಎರಡು ಟರ್ಬೊ ಹಾಕಿ 469 ಅಶ್ವಶಕ್ತಿಯ ಸಿಟಿಆರ್ ಅನ್ನೋ ಕಾರು ಮಾಡಿದ. ಅಮೆರಿಕದ ರೋಡ್ ಅಂಡ್ ಟ್ರ್ಯಾಕ್ ಪತ್ರಿಕೆಯವರು ಲೋಕದ ಅತಿ ವೇಗದ ಕಾರುಗಳನ್ನೆಲ್ಲ ಫೋಕ್ಸ್‌ವ್ಯಾಗನ್ನಿನ ಎರಾ ಲೆಸಿನ್ ಟೆಸ್ಟ್ ಟ್ರ್ಯಾಕಿಗೆ ಕರೆಸಿದ್ರು. ಫೆರಾರಿ ಟೆಸ್ಟರೋಸಾ ಇತ್ತು, ಪೋರ್ಷೆ ಕಂಪನಿಯದ್ದೇ 959 ಇತ್ತು. ಗೆದ್ದಿದ್ದು ಹಳ್ಳಿ ಗ್ಯಾರೇಜಿನ ಹಳದಿ ಕಾರು, ಗಂಟೆಗೆ 211 ಮೈಲಿ. ನಮ್ಮ ಲೆಕ್ಕದಲ್ಲಿ 339 ಕಿಲೋಮೀಟರ್ ಚಿಲ್ಲರೆ. 'ಯೆಲ್ಲೋಬರ್ಡ್' ಅನ್ನೋ ಹೆಸರು ಕೊಟ್ಟಿದ್ದು ಕಂಪನಿ ಅಲ್ಲ, ಆ ಪತ್ರಿಕೆಯವರು. ನೋಡಿ, ಮಾಡಿಫೈ ಮಾಡಿದ ಕಾರಿಗೆ ನಾಮಕರಣ ಮಾಡೋ ಹಕ್ಕೂ ಅದನ್ನ ಬರೆದು ಚಿತ್ರ ತೆಗೆದವರ ಪಾಲಿಗೆ ಬಂತು.

ಆಮೇಲೆ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಇದೇ ಕಾರನ್ನ ಸ್ಟೆಫಾನ್ ರೋಸರ್ ಓಡಿಸಿದ ವಿಡಿಯೋ ಬಂತು. ತಲೆಗೆ ಹೆಲ್ಮೆಟ್ ಇಲ್ಲ, ರೇಸ್ ಸೂಟ್ ಇಲ್ಲ, ಕಾಲಿಗೆ ಬಿಳಿ ಕಾಲುಚೀಲ, ಮಾಮೂಲಿ ಶೂ. ಕಾಲಿನ ಹತ್ತಿರ ಒಂದು ಕ್ಯಾಮೆರಾ, ಪೆಡಲುಗಳ ಮೇಲೆ ಆ ಕಾಲುಗಳು ಕುಣಿಯೋದು ಕಾಣುತ್ತೆ. ಪ್ರತಿ ತಿರುವಿನಲ್ಲೂ ಕಾರಿನ ಹಿಂಭಾಗ ಆಚೆಗೆ ಜಾರ್ತಾ ಇರುತ್ತೆ, ಟೈರಿನಿಂದ ಹೊಗೆ. ಈ ವಿಡಿಯೋ ಟೇಪಿನಿಂದ ಟೇಪಿಗೆ ಕಾಪಿಯಾಗಿ, ಆಮೇಲೆ ಯೂಟ್ಯೂಬಿಗೆ ಬಂದು, ಇವತ್ತಿಗೂ ಓಡ್ತಿದೆ. ಮೂವತ್ತು ಚಿಲ್ಲರೆ ವರ್ಷದ ಹಿಂದಿನ ಒಂದು ಕಾರು ನಿಮ್ಮ ವಯಸ್ಸಿನವರಿಗೆ ಗೊತ್ತಿರೋಕೆ ಆ ಕ್ಯಾಮೆರಾ ಒಂದು ಕಾರಣ. ಇನ್ನೊಂದು ಕಾರಣ ಗೇಮ್. ಪೋರ್ಷೆ ಹೆಸರು ಬಳಸೋ ಹಕ್ಕು 2000ದಿಂದ 2016ರವರೆಗೆ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಕೈಯಲ್ಲೇ ಇದ್ದದ್ದರಿಂದ, ಗ್ರ್ಯಾನ್ ಟುರಿಸ್ಮೊ ಆಡ್ತಿದ್ದ ಹುಡುಗರಿಗೆ ಅಲ್ಲಿ ಪೋರ್ಷೆ ಸಿಗ್ತಿರಲಿಲ್ಲ, ರೂಫ್ ಸಿಗ್ತಿತ್ತು. ಗ್ಯಾರೇಜಿನವನೇ ಕಂಪನಿಯ ಜಾಗದಲ್ಲಿ ಕೂತುಬಿಟ್ಟ.

ದುಡ್ಡಿದ್ದವರ ಕಥೆ ಸಾಕು. ಸಾಮಾನ್ಯರ ಕಾರಿಗೆ ಬನ್ನಿ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬಂತು, 1976ರಲ್ಲಿ ಮಾರಾಟಕ್ಕೆ. 110 ಅಶ್ವಶಕ್ತಿ. ಕಂಪನಿಯವರು 5,000 ಮಾಡಿದ್ರೆ ಸಾಕು ಅಂದ್ಕೊಂಡಿದ್ರು. ಮೊದಲ ತಲೆಮಾರಿನ ಜಿಟಿಐ ಒಂದೇ 4,60,000ಕ್ಕೂ ಹೆಚ್ಚು ಮಾರಾಟ ಆಯ್ತು. ಅಷ್ಟು ಜನರ ಹತ್ರ ಒಂದೇ ತರಹದ ಕಾರು ಇದ್ರೆ ಏನಾಗುತ್ತೆ? ನಂದು ಬೇರೆ ಕಾಣಬೇಕು ಅನ್ನೋ ಆಸೆ ಹುಟ್ಟುತ್ತೆ. 1982ರಲ್ಲಿ ಆಸ್ಟ್ರಿಯಾದ ವೋರ್ಥರ್‌ಸೀ ಅನ್ನೋ ಸರೋವರದ ದಡದಲ್ಲಿ ಸುಮಾರು 100 ಜಿಟಿಐಗಳು ಸೇರಿದ್ವು. ಆಮೇಲೆ ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ಜಾತ್ರೆ. ಹೌದು, ಜಾತ್ರೆ ಅನ್ನೋ ಪದವೇ ಸರಿ. ಕಾರುಗಳು ನೆಲ ಸವರೋ ಹಾಗೆ ತಗ್ಗಿಸಿ, ಚಕ್ರ ಮಡ್‌ಗಾರ್ಡಿನೊಳಗೆ ನುಗ್ಗಿಸಿ, ಸರೋವರದ ಸುತ್ತ ಆಮೆ ವೇಗದಲ್ಲಿ ಮೆರವಣಿಗೆ. ದಾರಿ ಪಕ್ಕ ಕುರ್ಚಿ ಹಾಕಿ ಕೂತ ಜನ. ಇನ್ನೂ ಕೆಳಗೆ, ಹುಲ್ಲಿನ ಮೇಲೆ ಮಲಗಿರೋ ಫೋಟೋಗ್ರಾಫರುಗಳು. ತಗ್ಗಿಸಿದ ಕಾರನ್ನ ನಿಂತು ತೆಗೆದ್ರೆ ಅದು ತಗ್ಗಾಗಿ ಕಾಣಲ್ಲ, ಕ್ಯಾಮೆರಾನೂ ಬಂಪರಿನ ಮಟ್ಟಕ್ಕೆ ಇಳೀಬೇಕು. ಈ ಪಂಗಡದವರ ಪ್ಯಾಂಟು ನೋಡಿದ್ರೆ ಗೊತ್ತಾಗುತ್ತೆ, ಮೊಣಕಾಲಲ್ಲಿ ಯಾವಾಗಲೂ ಮಣ್ಣು.

ಆ ಜಾತ್ರೆ ಈಗಿಲ್ಲ. ಕೊರೊನಾದಲ್ಲಿ 2020, 2021 ರದ್ದಾಯ್ತು. ಆಮೇಲೆ ಊರಿನ ಪಂಚಾಯಿತಿಯವರು, ಗದ್ದಲ, ಸೈಲೆನ್ಸರಿನ ಢಂ ಢಂ ಸದ್ದು, ಸುಟ್ಟ ರಬ್ಬರಿನ ವಾಸನೆ ಸಾಕು, ಇನ್ನು ಬೇಡ ಅಂದ್ರು. ನಿಜ ಹೇಳಬೇಕಂದ್ರೆ ನಾನು ಅಲ್ಲಿ ಮನೆ ಮಾಡ್ಕೊಂಡಿದ್ರೆ ನಾನೂ ಬೇಡ ಅಂತಿದ್ದೆ. 2024ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಊರಾದ ವೋಲ್ಫ್ಸ್‌ಬರ್ಗಿಗೇ ಮೇಳವನ್ನ ಕರೆಸಿಕೊಳ್ತು. ಸರೋವರದ ದಡದ ರೈಫ್‌ನಿಟ್ಸ್ ಊರಲ್ಲಿ ಉಳಿದಿರೋದು 1987ರಲ್ಲಿ ನಿಲ್ಲಿಸಿದ ಒಂದು ಗ್ರಾನೈಟ್ ಗಾಲ್ಫ್. ಕಾರಿನ ಅಳತೆಯದ್ದೇ, ಕಲ್ಲಿನಲ್ಲಿ ಕಡೆದದ್ದು, 25 ಟನ್ ತೂಕ. ಅದನ್ನ ಮಾತ್ರ ಯಾರಿಂದಲೂ ಮಾಡಿಫೈ ಮಾಡೋಕಾಗಲ್ಲ.

ಕಲ್ಲಿನ ಗಾಡಿ ಅಂದ ತಕ್ಷಣ ನಮಗೆ ನೆನಪಾಗೋದು ಯಾವುದು? ಹಂಪಿ, ವಿಠ್ಠಲ ದೇವಸ್ಥಾನದ ಕಲ್ಲಿನ ರಥ, 50 ರೂಪಾಯಿ ನೋಟಿನ ಹಿಂದೆ ಇರೋದು. ಅದು ಮೊದಲಿಂದ ಹಾಗೇ ಇತ್ತು ಅಂದ್ಕೊಂಡಿದ್ದೀರಾ? 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಹಂಪಿಗೆ ಬಂದು, ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಫೋಟೋ ತೆಗೆದ. ಅವನ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಒಂದು ಗೋಪುರ ಇದೆ. ಇವತ್ತು ಅದಿಲ್ಲ. ಆಮೇಲೆ ಅದನ್ನ ತೆಗೆದುಹಾಕಿದ್ದಾರೆ. ನಾವು ಶಾಲೆ ಟ್ರಿಪ್ಪಿನಲ್ಲಿ ನೋಡಿದ್ದು, ನೋಟಿನ ಮೇಲೆ ನೋಡೋದು ಮಾರ್ಪಾಡಾದ ರಥ. ಗೋಪುರ ಇತ್ತು ಅಂತ ಕಣ್ಣಾರೆ ತೋರಿಸೋಕೆ ಆ ಕಾಗದದ ಫೋಟೋ ಇದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅನ್ನೋ ಫೋಟೋಗ್ರಾಫರ್, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಪಕ್ಕ ಪಕ್ಕ ಇಟ್ರೆ ಏನು ಹೋಯ್ತು ಅಂತ ಗೊತ್ತಾಗುತ್ತೆ.

ಕಾರಿನ ಲೋಕದಲ್ಲಿ ಈ 'ಮೊದಲು, ಆಮೇಲೆ' ಅನ್ನೋದು ತುಂಬಾ ಕ್ರೂರ. ಜಪಾನಿನ ಚಿಬಾದಲ್ಲಿ ಅಕೀರಾ ನಕಾಯಿ ಅಂತ ಒಬ್ಬರಿದ್ದಾರೆ, ಆರ್‌ಡಬ್ಲ್ಯುಬಿ ಅನ್ನೋ ಹೆಸರಲ್ಲಿ ಹಳೇ ಪೋರ್ಷೆ 911ಗಳನ್ನ ಅಗಲ ಮಾಡ್ತಾರೆ. ಎಲ್ಲ ಕೈಕೆಲಸ. ಗರಗಸ ತಗೊಂಡು ಅಸಲಿ ಮಡ್‌ಗಾರ್ಡನ್ನ ಕೊಯ್ದೇಬಿಡ್ತಾರೆ. ಲಕ್ಷಾಂತರ ಡಾಲರ್ ಬೆಲೆಯ ಕಾರಿನ ತಗಡು ನೆಲಕ್ಕೆ ಬೀಳುತ್ತೆ. ಆಮೇಲೆ ಹಿಂದಿರುಗೋ ದಾರಿ ಇಲ್ಲ. ಪೋರ್ಷೆ ಪ್ರಿಯರಲ್ಲಿ ಅರ್ಧ ಜನಕ್ಕೆ ಇದು ಪಾಪ, ಇನ್ನರ್ಧ ಜನಕ್ಕೆ ಪೂಜೆ. ನಕಾಯಿಯವರ ಹೆಸರು ಚಿಬಾದಿಂದ ಜಗತ್ತಿಗೆ ಹಬ್ಬಿದ್ದು ಹೇಗೆ? 2008ರಲ್ಲಿ ಶುರುವಾದ ಸ್ಪೀಡ್‌ಹಂಟರ್ಸ್ ತರಹದ ತಾಣಗಳು, ಟೋಕಿಯೋದಲ್ಲಿದ್ದ ಡೀನೊ ಡಲ್ಲೆ ಕಾರ್ಬೊನಾರೆ, ಅಮೆರಿಕದ ಲ್ಯಾರಿ ಚೆನ್ ಅಂಥ ಫೋಟೋಗ್ರಾಫರುಗಳು. ಇವರು ಕಾರಿನ ಜತೆ ಕೊಯ್ಯೋ ಕೈಯನ್ನೂ, ಸಿಗರೇಟು ಹಿಡಿದು ಯೋಚನೆ ಮಾಡ್ತಾ ಕೂತ ಮನುಷ್ಯನನ್ನೂ ತೋರಿಸೋ ಪದ್ಧತಿ ಬೆಳೆಸಿದ್ರು. ನನ್ನ ಮಟ್ಟಿಗೆ ಈ ತಲೆಮಾರು ಮಾಡಿದ ದೊಡ್ಡ ಕೆಲಸ ಅದು.

ಈಗ ಆಗಲೇ ಹೇಳಿದ ತೊಂದರೆಗೆ ಬರೋಣ. ಚೆನ್ನಾಗಿ ಕಾಣೋ ಫೋಟೋನೇ ಸತ್ಯವಾದ ಫೋಟೋ ಆಗಿರಬೇಕು ಅಂತೇನಿಲ್ಲ. ನೀವು ನೋಡಿರ್ತೀರಿ: ಕಾರು ಕೂದಲೆಳೆಯಷ್ಟು ಸ್ಪಷ್ಟ, ಚಕ್ರ ಸುತ್ತುತಿದೆ, ರಸ್ತೆ, ಮರ ಎಲ್ಲ ಗೆರೆ ಗೆರೆಯಾಗಿ ಹಿಂದಕ್ಕೆ ಹಾರ್ತಿದೆ. ಇನ್ನೂರು ಸ್ಪೀಡಲ್ಲಿ ಹೋಗ್ತಿರಬೇಕು ಅನ್ಸುತ್ತೆ. ಇದಕ್ಕೆ ರಿಗ್ ಶಾಟ್ ಅಂತಾರೆ. ಕಾರಿನ ಮೈಗೆ ರಬ್ಬರ್ ಬಟ್ಟಲುಗಳಿಂದ ಒಂದು ಉದ್ದನೇ ಕೋಲು ಅಂಟಿಸಿ, ಅದರ ತುದಿಗೆ ಕ್ಯಾಮೆರಾ ಕಟ್ತಾರೆ. ಕ್ಯಾಮೆರಾನೂ ಕಾರಿನ ಜತೆಗೇ ಸಾಗೋದ್ರಿಂದ ಕಾರು ಅಲುಗಿದ ಹಾಗೆ ಕಾಣಲ್ಲ, ಮಿಕ್ಕ ಲೋಕ ಎಲ್ಲ ಅಲುಗುತ್ತೆ. ಶಟರ್ ಎರಡು ಮೂರು ಸೆಕೆಂಡ್ ತೆರೆದಿರುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಕೋಲನ್ನ ಅಳಿಸಿಹಾಕ್ತಾರೆ.

ಒಂದು ಭಾನುವಾರ ಬೆಳಗ್ಗೆ ದೇವನಹಳ್ಳಿ ಕಡೆ, ಸೈಟ್ ಮಾಡಿ ಬಿಟ್ಟಿರೋ ಖಾಲಿ ಲೇಔಟಿನಲ್ಲಿ ಗೆಳೆಯರು ಇದನ್ನ ಮಾಡೋವಾಗ ನಾನೂ ಇದ್ದೆ. ನನ್ನ ಕೆಲಸ ಕಾರು ತಳ್ಳೋದು. ಇಂಜಿನ್ ಆನ್ ಮಾಡಿದ್ರೆ ಕೋಲು ನಡುಗುತ್ತೆ, ಹಾಗಾಗಿ ಆಫ್. ನ್ಯೂಟ್ರಲ್‌ಗೆ ಹಾಕಿ, ಇಬ್ಬರು ಹಿಂದಿನಿಂದ, ಮನುಷ್ಯ ನಡೆಯೋದಕ್ಕಿಂತ ನಿಧಾನವಾಗಿ ತಳ್ಳಿದ್ವಿ. ಪಕ್ಕದಲ್ಲಿ ಹಸು ಮೇಯಿಸ್ತಿದ್ದ ಅಜ್ಜ "ಏನಪ್ಪಾ, ಗಾಡಿ ಕೆಟ್ಟೋಯ್ತಾ?" ಅಂತ ಕೇಳಿದ್ರು. ಲ್ಯಾಪ್‌ಟಾಪಿನಲ್ಲಿ ಫೋಟೋ ತೆರೆದಾಗ ಕಾರು ಬಾಣದ ಹಾಗೆ ಹಾರ್ತಿತ್ತು. ಮಾಲೀಕ ನೋಡಿ, "ಗುರು, ನನ್ ಗಾಡಿ ಜನ್ಮದಲ್ಲಿ ಇಷ್ಟು ಸ್ಪೀಡಾಗಿ ಹೋಗಿಲ್ಲ" ಅಂದ.

ಇದು ಸುಳ್ಳಾ? ನನಗೆ ಹಾಗನ್ನಿಸಲ್ಲ. ಲಾರ್ಟಿಗ್‌ನ ಚಕ್ರ ಮೊಟ್ಟೆ ಆಕಾರದಲ್ಲಿ ಇರಲಿಲ್ಲ, ಆದ್ರೆ ಆ ಫೋಟೋ ವೇಗದ ಬಗ್ಗೆ ಏನೋ ನಿಜ ಹೇಳುತ್ತೆ. ಆದ್ರೆ ಚರಿತ್ರೆ ಹುಡುಕೋನಿಗೆ ಇಂಥ ಫೋಟೋ ಜಾಸ್ತಿ ಕೆಲಸಕ್ಕೆ ಬರಲ್ಲ. ಕೋಲು ಅಳಿಸೋನು ಬಾಗಿಲಿನ ಗೀರನ್ನೂ ಅಳಿಸ್ತಾನೆ, ಕಾರನ್ನ ಇನ್ನೂ ಒಂದಿಂಚು ಕೆಳಗೆ ಇಳಿಸ್ತಾನೆ. ನನಗೆ ನಂಬಿಕೆ ಜಾಸ್ತಿ ಇರೋದು ಬೇಜಾರಿನ ಫೋಟೋಗಳ ಮೇಲೆ. ಗ್ಯಾರೇಜಿನ ಟ್ಯೂಬ್‌ಲೈಟಿನ ಕೆಳಗೆ, ಇಂಜಿನ್ ಅರ್ಧ ಬಿಚ್ಚಿಟ್ಟು, ಹಿಂದೆ ಟೀ ಲೋಟ ಕಾಣೋ ಹಾಗೆ ಮಾಲೀಕನೇ ತೆಗೆದ ಫೋಟೋ. ವೆಲ್ಡಿಂಗ್ ಎಲ್ಲಿ ಬಿತ್ತು, ಯಾವ ಟರ್ಬೊ ಕೂರಿಸಿದ್ರು, ಯಾವ ಕೆಲಸ ಮೊದಲು ಮಾಡಿದ್ರು ಅಂತ ಅದರಲ್ಲೇ ಗೊತ್ತಾಗೋದು.

ಅಂಥ ಫೋಟೋಗಳೇ ಮೊದಲು ಹೋಗಿದ್ದು. 2000ದ ದಶಕದಲ್ಲಿ ಲೋಕದ ಕಾರು ಹುಚ್ಚರೆಲ್ಲ ತಮ್ಮ ಫೋಟೋಗಳನ್ನ ಫೋಟೋಬಕೆಟ್ ಅನ್ನೋ ಉಚಿತ ತಾಣದಲ್ಲಿ ಇಟ್ಟು, ಅಲ್ಲಿಂದ ಬೇರೆ ಪುಟಗಳಿಗೆ ಕೊಂಡಿ ಹಾಕ್ತಿದ್ರು. 2017ರ ಜೂನ್ ಕೊನೆಗೆ ಆ ಕಂಪನಿ ನಿಯಮ ಬದಲಿಸ್ತು. ಬೇರೆ ಪುಟದಲ್ಲಿ ಫೋಟೋ ಕಾಣಬೇಕಂದ್ರೆ ವರ್ಷಕ್ಕೆ ಸುಮಾರು 400 ಡಾಲರ್ ಕಟ್ಟಿ ಅಂತು. ಒಂದೇ ಏಟಿಗೆ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ಕಾರಿನ ಫೋಟೋ ಇದ್ದ ಜಾಗದಲ್ಲೆಲ್ಲ ಒಂದು ಮೀಟರ್ ಮುಳ್ಳಿನ ಚಿತ್ರ ಬಂದು ಕೂತ್ಕೊಳ್ತು. 'ಚಿತ್ರ 4ರಲ್ಲಿ ತೋರಿಸಿದ ಹಾಗೆ ಈ ಬೋಲ್ಟ್ ಬಿಚ್ಚಿ' ಅಂತ ಬರೆದಿದೆ, ಚಿತ್ರ 4 ಇಲ್ಲ. ಮರು ವರ್ಷ ಫ್ಲಿಕರ್ ಕೂಡ ಉಚಿತ ಖಾತೆಗೆ 1,000 ಫೋಟೋ ಸಾಕು ಅಂತು. ಗ್ರೀನ್‌ಲಾನ ಮೇಣದ ಕಾಗದ 160 ವರ್ಷ ದಾಟಿದೆ. ನಮ್ಮ ಫೋಟೋಗಳಿಗೆ ಹತ್ತು ವರ್ಷ ದಾಟೋದು ಕಷ್ಟ.

ನಮ್ಮ ದೇಶದಲ್ಲಿ ಇದರ ಮೇಲೆ ಇನ್ನೊಂದು ಗಂಟು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಪ್ರಕರಣದಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಸ್ಪಷ್ಟ ಮಾಡ್ತು: ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿಯನ್ನ ಬದಲಿಸೋ ಹಾಗಿಲ್ಲ. ಬಣ್ಣ ಬದಲಿಸಿ ಆರ್‌ಸಿಯಲ್ಲಿ ಬರೆಸಬಹುದು, ಸಿಎನ್‌ಜಿ ಕಿಟ್‌ಗೆ ದಾರಿ ಇದೆ. ಆದ್ರೆ ಗಾಡಿಯ ಮೂಲ ರಚನೆ ಬದಲಿಸಿದ್ರೆ ಸಿಕ್ಕಿಬಿದ್ದ ಹಾಗೇ. ಜರ್ಮನಿಯಲ್ಲಿ ನಿಯಮ ಇಲ್ಲ ಅಂತಲ್ಲ, ಅಲ್ಲಿ ನಮಗಿಂತ ಬಿಗಿ. ಆದ್ರೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಟ್ಯೂಫ್ ತರಹದ ತಪಾಸಣೆ ಸಂಸ್ಥೆಗೆ ಕಾರು ತಗೊಂಡು ಹೋಗಿ, ಅವರು ಅಳೆದು ನೋಡಿ ಒಪ್ಪಿದ್ರೆ, ಹಾಕಿದ ಚಕ್ರ, ತಗ್ಗಿಸಿದ ಸಸ್ಪೆನ್ಷನ್ ಎಲ್ಲ ಕಾರಿನ ಕಾಗದದಲ್ಲಿ ದಾಖಲಾಗುತ್ತೆ. ಅಂದ್ರೆ ಅಲ್ಲಿ ಫೋಟೋ ಕಳೆದ್ರೂ ಕಾಗದ ಇರುತ್ತೆ.

ಇಲ್ಲಿ ಕಾಗದ ಇಲ್ಲ. ಫೋಟೋ ಇದೆ, ಅದರಲ್ಲಿ ನಂಬರ್ ಪ್ಲೇಟ್ ಇಲ್ಲ. ಬೆಂಗಳೂರಿನ ಯಾವ ಕಾರು ಫೋಟೋಗ್ರಾಫರನ ಇನ್‌ಸ್ಟಾ ಪುಟ ಬೇಕಾದ್ರೂ ತೆರೆದು ನೋಡಿ, ಮಾಡಿಫೈ ಮಾಡಿದ ಪೋಲೋ, ಆಕ್ಟೇವಿಯಾ, ತ್ರೀ ಸೀರೀಸ್ ಇದ್ರೆ ಪ್ಲೇಟ್ ಮಸುಕಾಗಿರುತ್ತೆ, ಇಲ್ಲಾ ಅಲ್ಲಿ ಫೋಟೋಗ್ರಾಫರನ ಹೆಸರಿರುತ್ತೆ. ಅವರನ್ನ ದೂರೋಕಾಗಲ್ಲ, ದಂಡ ಕಟ್ಟೋರು ಅವರೇ ತಾನೇ. ಆದ್ರೆ 6ನೇ ನಂಬರಿನ ಕಾರು ನೆನಪಿದೆಯಲ್ಲ? ಐವತ್ತು ವರ್ಷ ಆದ್ಮೇಲೆ ಯಾರಾದ್ರೂ ಬೆಂಗಳೂರಿನ ಈ ಕಾರುಗಳ ಚರಿತ್ರೆ ಬರೀತೀನಿ ಅಂತ ಕೂತ್ರೆ, ಅವರಿಗೆ ಸಿಗೋದು ಸಾವಿರಾರು ಸುಂದರ, ಹೆಸರಿಲ್ಲದ ಕಾರುಗಳು. ಒಂದೇ ಕಾರು ಐದು ಬಣ್ಣದಲ್ಲಿ ಬಂದಿದ್ರೆ ಅದು ಐದು ಕಾರು ಅಂತ ಎಣಿಸ್ತಾರೆ.

ನನ್ನ ಗೆಳೆಯನೊಬ್ಬನ ಹತ್ರ ಬಿಳಿ ಪೋಲೋ ಇತ್ತು. ಪುಣೆ ಹತ್ತಿರ ಚಾಕಣದಲ್ಲಿ ಹುಟ್ಟಿದ, ಜರ್ಮನ್ ಹೆಸರಿನ ಕಾರು. ಕೊಯಮತ್ತೂರಿಗೆ ಹೋಗಿ ಇಸಿಯು ರೀಮ್ಯಾಪ್ ಮಾಡಿಸಿದ್ದ, ಎರಡು ವರ್ಷದ ಸಂಬಳ ಉಳಿಸಿ ಸಸ್ಪೆನ್ಷನ್ ಹಾಕಿಸಿದ್ದ. 2021ರಲ್ಲಿ ಅವನ ಅಪ್ಪನಿಗೆ ಹುಷಾರಿಲ್ಲದೆ ದುಡ್ಡು ಬೇಕಾಯ್ತು. ಒಂದೇ ವಾರದಲ್ಲಿ ಎಲ್ಲ ಬಿಚ್ಚಿ, ಕಂಪನಿ ಭಾಗಗಳನ್ನೇ ಮತ್ತೆ ಹಾಕಿ, ಹಾಸನದ ಕಡೆಯವರೊಬ್ಬರಿಗೆ ಮಾರಿದ. ತಗೊಂಡವರಿಗೆ ಆ ಕಾರು ಏನಾಗಿತ್ತು ಅನ್ನೋದು ಗೊತ್ತಿಲ್ಲ. ನಂದಿ ಬೆಟ್ಟದ ತಿರುವಿನಲ್ಲಿ ತೆಗೆಸಿದ ಒಳ್ಳೊಳ್ಳೆ ಫೋಟೋಗಳು ಹಳೇ ಫೋನಿನ ಜತೆ ಹೋದ್ವು. ಅವನ ಹತ್ರ ಈಗ ಉಳಿದಿರೋದು ವಾಟ್ಸಾಪಿನಲ್ಲಿ ನನಗೆ ಕಳಿಸಿದ್ದ ಒಂದೇ ಫೋಟೋ, ನಾನೇ ವಾಪಸ್ ಕಳಿಸಿದೆ. ದೊಡ್ಡದು ಮಾಡಿದ್ರೆ ಚೌಕ ಚೌಕ. ಆದ್ರೂ ಪ್ರಿಂಟ್ ಹಾಕಿಸಿ ಮನೆಯಲ್ಲಿ ಇಟ್ಕೊಂಡಿದ್ದಾನೆ. ಅಪ್ಪ ಹುಷಾರಾಗಿದ್ದಾರೆ. "ಆ ಕಾರೇ ಚೆನ್ನಾಗಿತ್ತು ಕಣೋ, ಸೊಂಟ ನೋವು ಬರೋದು ಅಷ್ಟೇ" ಅಂತಾರಂತೆ.

ಅದಕ್ಕೇ ಈ ಸಲ ಕೇಳುಗರಲ್ಲಿ ಒಂದು ಕೆಲಸ ಕೇಳ್ತಿದ್ದೀನಿ. ನಿಮ್ಮ ಹತ್ರ ಮಾಡಿಫೈ ಮಾಡಿದ ಗಾಡಿ ಇದ್ರೆ, ಅಥವಾ ನೀವು ಅಂಥದ್ದರ ಫೋಟೋ ತೆಗೆಯೋರಾದ್ರೆ, ಇನ್‌ಸ್ಟಾದಲ್ಲಿ ಹಾಕೋದು ಹಾಕಿ, ಪ್ಲೇಟ್ ಮಸುಕು ಮಾಡಿ, ಬೇಡ ಅನ್ನಲ್ಲ. ಆದ್ರೆ ಅಸಲಿ ಫೈಲು, ಪ್ಲೇಟ್ ಕಾಣೋ ಹಾಗಿರೋದು, ಒಂದು ಹಾರ್ಡ್ ಡಿಸ್ಕಿನಲ್ಲಿ ನಿಮ್ಮ ಮನೆಯಲ್ಲೇ ಇರಲಿ. ಫೈಲಿನ ಹೆಸರಲ್ಲಿ ವರ್ಷ, ಊರು, ಏನೇನು ಬದಲಿಸಿದ್ದು, ಕೆಲಸ ಮಾಡಿದ ಮೆಕ್ಯಾನಿಕ್ ಹೆಸರು ಬರೆದಿಡಿ. ನಾಲ್ಕು ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಬರೀರಿ, ಬಾಲ್‌ಪೆನ್ ಬೇಡ, ಇಂಕು ಮುಂದಕ್ಕೆ ಮೂಡಿಬಿಡುತ್ತೆ. ಟೀ ಲೋಟ ಕಾಣೋ ಗ್ಯಾರೇಜ್ ಫೋಟೋಗಳನ್ನ ಡಿಲೀಟ್ ಮಾಡಬೇಡಿ. ಇಂಥ ಹಳೇ ಫೋಟೋ, ಅಪ್ಪನದ್ದೋ ಚಿಕ್ಕಪ್ಪನದ್ದೋ ಫಿಯೆಟ್ ಕಾರಿನದ್ದಾದ್ರೂ ಸರಿ, ನಿಮ್ಮನೆ ಆಲ್ಬಮ್ಮಿನಲ್ಲಿದ್ರೆ ಅದರ ಕಥೆ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮೊದಲ ಹತ್ತು ನಿಮಿಷ ಅದಕ್ಕೇ ಇಟ್ಟಿದ್ದೀನಿ.